ಅರ್ಧ ಬೆಲೆಗೆ ಬಿದ್ದಿರುವ ಫುಡ್ ಕಂಪನಿ ಷೇರು: ಇನ್ನಷ್ಟು ಕೊಳ್ಳಬಹುದಾ?

ಪ್ರಶ್ನೆ: ಒಂದು ದೊಡ್ಡ ಪ್ಯಾಕೇಜ್ಡ್ ಫುಡ್ ಕಂಪನಿಯ ಷೇರು ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿದಿದೆ. ಪಿಇ (ಒಂದು ಷೇರಿಗೆ ಬರುವ ವರ್ಷದ ಲಾಭದ ಎಷ್ಟು ಪಟ್ಟು ಬೆಲೆ ಇದೆ ಅನ್ನುವ ಲೆಕ್ಕ) ಬರೀ 9. ಡಿವಿಡೆಂಡ್ (ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಈಗಿನ ಬೆಲೆಯ ಮೇಲೆ ವರ್ಷಕ್ಕೆ 7% ಆಗುತ್ತದೆ. ಸಾಸ್, ಸೂಪ್, ಬಿಸ್ಕತ್ತು, ಎಲ್ಲವೂ ಹೆಸರು ಮಾಡಿದ ಬ್ರ್ಯಾಂಡ್‌ಗಳು. ಬೆಲೆ ಎರಡರಷ್ಟಿದ್ದಾಗ ಸ್ವಲ್ಪ ಕೊಂಡಿದ್ದೆ. ಈಗ ಇನ್ನಷ್ಟು ಕೊಂಡು, ಕೊಂಡ ಬೆಲೆಯ ಸರಾಸರಿ ಇಳಿಸಿಕೊಳ್ಳಲಾ? ಏನೇ ಆದರೂ ಜನ ತಿನ್ನೋದು ಬಿಡಲ್ಲ ಅಲ್ವಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಇವತ್ತೇ ಕೊಳ್ಳಬೇಡಿ. ಷೇರು ಕೆಟ್ಟದ್ದು ಅಂತಲ್ಲ. ನೀವು ಬರೆದಿರುವುದು ಪಿಇ, ಡಿವಿಡೆಂಡ್, ಬ್ರ್ಯಾಂಡ್ ಹೆಸರು. ಈ ಮೂರನ್ನು ನೋಡಿ ಕಂಪನಿ ಉಳಿಯುತ್ತದೋ ಮುಳುಗುತ್ತದೋ ಹೇಳಲು ಆಗುವುದಿಲ್ಲ. ಅದನ್ನು ಹೇಳಬಲ್ಲ ಎರಡು ಅಂಕಿ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಒಂದು, ಹೋದ ವರ್ಷ ಕಂಪನಿ ಎಷ್ಟು ಮಾಲು ಮಾರಿತು. ದುಡ್ಡಿನ ಲೆಕ್ಕದಲ್ಲಲ್ಲ, ಟನ್ ಲೆಕ್ಕದಲ್ಲಿ. ಇನ್ನೊಂದು, ಅದರ ತಲೆ ಮೇಲೆ ಎಷ್ಟು ಸಾಲ ಇದೆ, ಯಾವ ವರ್ಷ ಎಷ್ಟು ತೀರಿಸಬೇಕು.

"ಜನ ತಿನ್ನೋದು ಬಿಡಲ್ಲ" ಅನ್ನುವ ಮಾತನ್ನು ಬಹಳ ಸಲ ಕೇಳಿದ್ದೇನೆ. ನಾನೇ ಹೇಳಿಕೊಂಡು ಕೈ ಸುಟ್ಟುಕೊಂಡಿದ್ದೂ ಇದೆ, ಆ ಕಥೆ ಮುಂದೆ ಬರುತ್ತದೆ. ಮಾತೇನೋ ನಿಜವೇ. ಆದರೆ ಜನ ಕೊಟ್ಟ ದುಡ್ಡಿಗೆ ಒಂದು ಪಂಕ್ತಿಯೇ ಕಾದು ಕೂತಿರುತ್ತದೆ. ಕಚ್ಚಾ ಮಾಲು ಕೊಟ್ಟವರು, ಕೆಲಸಗಾರರು, ಅಂಗಡಿ ಸರಪಳಿಗಳು, ಬ್ಯಾಂಕು, ಕಂಪನಿಗೆ ಸಾಲ ಕೊಟ್ಟು ಬಾಂಡ್ ಹಿಡಿದವರು, ಸರ್ಕಾರ. ಷೇರುದಾರ ಆ ಪಂಕ್ತಿಯ ಕಟ್ಟಕಡೆಯವನು. ಎಲ್ಲರಿಗೂ ಬಡಿಸಿ ಪಾತ್ರೆಯಲ್ಲಿ ಏನಾದರೂ ಉಳಿದರೆ ಅವನಿಗೆ.

ಇದಕ್ಕೆ ಟ್ವಿಂಕಿ ಕೇಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಮೆರಿಕದಲ್ಲಿ ಅದನ್ನು ತಿನ್ನದೇ ಬೆಳೆದ ಮಕ್ಕಳು ಕಡಿಮೆ. ಅದನ್ನು ಮಾಡುತ್ತಿದ್ದ ಇಂಟರ್‌ಸ್ಟೇಟ್ ಬೇಕರೀಸ್ ಕಂಪನಿ 2004ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರಲ್ಲಿ ಅದರಿಂದ ಹೊರಬರುವಾಗ ಹಳೆಯ ಷೇರುಗಳೆಲ್ಲ ರದ್ದಾದವು. ಆಮೇಲೆ ಹೋಸ್ಟೆಸ್ ಬ್ರ್ಯಾಂಡ್ಸ್ ಅಂತ ಹೆಸರು ಬದಲಿಸಿಕೊಂಡು ನಡೆಯಿತು. 2012ರಲ್ಲಿ ಮತ್ತೆ ದಿವಾಳಿಯಾಗಿ ಈ ಸಲ ಬಾಗಿಲೇ ಹಾಕಿತು. ಸುಮಾರು 18,500 ಜನರ ಕೆಲಸ ಹೋಯಿತು. ಮರುವರ್ಷ ಅಪೋಲೊ ಮತ್ತು ಮೆಟ್ರೊಪೌಲೋಸ್ ಅನ್ನುವ ಹೂಡಿಕೆ ಸಂಸ್ಥೆಗಳು ಜೊತೆಯಾಗಿ ಆ ಕೇಕ್ ಬ್ರ್ಯಾಂಡ್‌ಗಳನ್ನು 41 ಕೋಟಿ ಡಾಲರ್‌ಗೆ ಎತ್ತಿಕೊಂಡವು. ಹಳೆಯ ಸಾಲ ಇಲ್ಲ, ಹಳೆಯ ಪಿಂಚಣಿ ಹೊರೆ ಇಲ್ಲ. 2013ರ ಜುಲೈನಲ್ಲಿ ಟ್ವಿಂಕಿ ಮತ್ತೆ ಅಂಗಡಿಗೆ ಬಂತು. ಹತ್ತು ವರ್ಷದ ನಂತರ, 2023ರಲ್ಲಿ, ಜೆ.ಎಂ. ಸ್ಮಕರ್ ಅನ್ನುವ ಫುಡ್ ಕಂಪನಿ ಈ ಹೊಸ ಹೋಸ್ಟೆಸ್ಸನ್ನು ಸಾಲವೂ ಸೇರಿ ಸುಮಾರು 560 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಕೇಕು ಅದೇ, ಹೆಸರೂ ಅದೇ. ಮೊದಲ ದಿವಾಳಿಗೆ ಮುಂಚೆ ಷೇರು ಹಿಡಿದು ಕೂತವರಿಗೆ ಸೊನ್ನೆ. 2013ರಲ್ಲಿ ಕೊಂಡವರಿಗೆ ಹಬ್ಬ. ಸ್ಮಕರ್ ಕಥೆ ಇನ್ನೂ ಮಜಾ ಇದೆ. ಹಬ್ಬದ ಬೆಲೆ ಕೊಟ್ಟು ಕೊಂಡ ಆ ಕಂಪನಿ ಎರಡು ವರ್ಷ ತುಂಬುವುದರೊಳಗೆ ಅದರ ಮೌಲ್ಯದಲ್ಲಿ 100 ಕೋಟಿ ಡಾಲರ್‌ಗೂ ಜಾಸ್ತಿ ಮೊತ್ತವನ್ನು ತನ್ನ ಲೆಕ್ಕಪುಸ್ತಕದಿಂದ ಹೊಡೆದು ಹಾಕಬೇಕಾಯಿತು. ಹಾಗಾಗಿ ಯಾರಾದರೂ "ಈ ಬ್ರ್ಯಾಂಡ್ ಸಾಯಲ್ಲ ಬಿಡಿ" ಅಂದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ. ಬ್ರ್ಯಾಂಡ್ ಸಾಯದೇ ಇರಬಹುದು. ನಿಮ್ಮ ಹತ್ತಿರ ಇರುವುದು ಬ್ರ್ಯಾಂಡ್ ಅಲ್ಲ, ಷೇರು.

ಈಗ ಟನ್ ಲೆಕ್ಕಕ್ಕೆ ಬರೋಣ. ಕಂಪನಿಯ ತ್ರೈಮಾಸಿಕ ವರದಿ ತೆಗೆದು ನೋಡಿ. ಮಾರಾಟ 2% ಏರಿದೆ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತದೆ. ಎರಡು ಪುಟ ಕೆಳಗೆ ಹೋದರೆ ಅದನ್ನು ಒಡೆದು ತೋರಿಸಿರುತ್ತಾರೆ: ಬೆಲೆಯಿಂದ ಎಷ್ಟು, ವಾಲ್ಯೂಮ್‌ನಿಂದ, ಅಂದರೆ ಮಾರಿದ ಮಾಲಿನ ಪ್ರಮಾಣದಿಂದ, ಎಷ್ಟು. ಬೆಲೆ 7% ಏರಿಕೆ, ವಾಲ್ಯೂಮ್ 5% ಇಳಿಕೆ ಅಂತಿದ್ದರೆ, ಆ 2% ಬೆಳವಣಿಗೆ ಬೆಳವಣಿಗೆಯೇ ಅಲ್ಲ. ನೂರು ಪೊಟ್ಟಣ ಕೊಳ್ಳುತ್ತಿದ್ದ ಜನ ಈಗ ತೊಂಬತ್ತೈದು ಕೊಳ್ಳುತ್ತಿದ್ದಾರೆ, ಪ್ರತಿ ಪೊಟ್ಟಣಕ್ಕೂ ಜಾಸ್ತಿ ಕೊಡುತ್ತಿದ್ದಾರೆ, ಅಷ್ಟೇ. ಒಂದು ವರ್ಷ ಹೀಗಾದರೆ ಪರವಾಗಿಲ್ಲ. ಕಚ್ಚಾ ಮಾಲಿನ ಬೆಲೆ ಏರಿದಾಗ ಎಲ್ಲ ಕಂಪನಿಗಳೂ ಹೀಗೆ ಮಾಡುತ್ತವೆ. 2021ರಿಂದ 2023ರವರೆಗೆ ಪ್ರಪಂಚದ ಬಹುತೇಕ ಫುಡ್ ಕಂಪನಿಗಳು ಮಾಡಿದ್ದೂ ಇದನ್ನೇ. ಬೆಲೆ ಏರಿಸುವುದು ನಿಂತ ಮೇಲೂ ವಾಲ್ಯೂಮ್ ಇಳಿಯುತ್ತಲೇ ಇದ್ದರೆ ಮಾತ್ರ ಭಯಪಡಿ. ಜನ ಬೇರೆ ಪೊಟ್ಟಣಕ್ಕೆ ಹೋಗಿದ್ದಾರೆ, ವಾಪಸ್ ಬರುತ್ತಿಲ್ಲ ಅಂತ ಅರ್ಥ. ಆ ಬೇರೆ ಪೊಟ್ಟಣ ಹೆಚ್ಚಾಗಿ ಅಂಗಡಿ ಸರಪಳಿ ತನ್ನದೇ ಹೆಸರು ಹಾಕಿ ಮಾರುವ ಸ್ವಂತ ಲೇಬಲ್ಲೇ ಆಗಿರುತ್ತದೆ. ಅಂದರೆ ನಿಮ್ಮ ಕಂಪನಿಯ ಮಾಲು ಮಾರಿಕೊಡಬೇಕಾದವನೇ ಅದರ ಎದುರಾಳಿ. ಶೆಲ್ಫಿನಲ್ಲಿ ಯಾವುದು ಕಣ್ಣಿನ ಮಟ್ಟಕ್ಕೆ, ಯಾವುದು ಕಾಲಿನ ಮಟ್ಟಕ್ಕೆ ಅಂತ ನಿರ್ಧರಿಸುವವನೂ ಅವನೇ.

ವರದಿಗೆ ಕಾಯದೇ ಮಾಡಬಹುದಾದ ಒಂದು ಕೆಲಸ ಇದೆ. ನೋಡುವವರಿಗೆ ಹುಚ್ಚು ಅನ್ನಿಸಬಹುದು, ನಾನಂತೂ ಮಾಡುತ್ತೇನೆ. ಅಂಗಡಿಗೆ ಹೋದಾಗ ಆ ಕಂಪನಿಯ ಪೊಟ್ಟಣ ತೆಗೆದು ತಯಾರಾದ ತಾರೀಖು ನೋಡಿ. ಮುಂದಿನ ಸಾಲಿನದ್ದಲ್ಲ. ಹಳೆಯದು ಮುಂದೆ, ಹೊಸದು ಹಿಂದೆ ಇಡುವುದು ಅಂಗಡಿಯ ಪದ್ಧತಿ. ಹಿಂದೆ ಕೈ ಹಾಕಿ ಒಂದು ತೆಗೆಯಿರಿ. ಹಿಂದಿನದ್ದೂ ಐದಾರು ತಿಂಗಳು ಹಳೆಯದು, ಪಕ್ಕದ ಬ್ರ್ಯಾಂಡಿನದ್ದು ಮೂರು ವಾರದ್ದು ಅಂತಾದರೆ ಮಾಲು ಓಡುತ್ತಿಲ್ಲ. ಹಾಗೆಯೇ ತೂಕವನ್ನೂ ನೋಡಿ. ಬೆಲೆ ಅಷ್ಟೇ ಇಟ್ಟು 200 ಗ್ರಾಂ 180 ಆಗಿ, ಆಮೇಲೆ 160 ಆಗಿದ್ದರೆ ಕಂಪನಿಗೆ ಬಾಯಿಬಿಟ್ಟು ಬೆಲೆ ಏರಿಸುವ ಧೈರ್ಯ ಇಲ್ಲ. ಒಂದೆರಡು ಅಂಗಡಿ ನೋಡಿ ತೀರ್ಮಾನಕ್ಕೆ ಬರಬೇಡಿ, ಅನುಮಾನ ಮೂಡಲು ಮಾತ್ರ ಅದು ಸಾಕು. ಅನುಮಾನ ಬಂದ ಮೇಲೆ ಬ್ಯಾಲೆನ್ಸ್ ಶೀಟಿನಲ್ಲಿ (ಕಂಪನಿಯ ಆಸ್ತಿ-ಸಾಲದ ಪಟ್ಟಿ) ದಾಸ್ತಾನು ನೋಡಿ, ಅಂಗಡಿಯವರಿಂದ ಬರಬೇಕಾದ ಬಾಕಿ ನೋಡಿ. ಮಾರಾಟ ನಿಂತಲ್ಲೇ ನಿಂತು ಇವೆರಡೂ ಏರುತ್ತಿದ್ದರೆ, ಕಂಪನಿ ತಿಂಗಳ ಕೊನೆಯಲ್ಲಿ ವಿತರಕರ ಗೋಡೌನಿಗೆ ಮಾಲು ತುರುಕಿ ಅದನ್ನೇ ಮಾರಾಟ ಅಂತ ಬರೆದುಕೊಳ್ಳುತ್ತಿರಬಹುದು.

ಲಾಭ ಚೆನ್ನಾಗಿ ಕಾಣಿಸುವ ಇನ್ನೊಂದು ಉಪಾಯ ಇದೆ, ಅದು ಜಾಸ್ತಿ ಅಪಾಯದ್ದು. ಖರ್ಚು ಕಡಿತ. ಕ್ರಾಫ್ಟ್ ಹೈಂಜ್ ಕಂಪನಿಯನ್ನೇ ನೋಡಿ. 2015ರಲ್ಲಿ ಕ್ರಾಫ್ಟ್ ಮತ್ತು ಹೈಂಜ್ ಒಂದಾದವು. ಇದರ ಬೆನ್ನಿಗಿದ್ದವರು 3ಜಿ ಕ್ಯಾಪಿಟಲ್ ಅನ್ನುವ ಹೂಡಿಕೆ ಸಂಸ್ಥೆ ಮತ್ತು ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ. 3ಜಿಯವರ ಪದ್ಧತಿ ಏನೆಂದರೆ, ಪ್ರತಿ ವರ್ಷ ಪ್ರತಿ ಖರ್ಚನ್ನೂ ಸೊನ್ನೆಯಿಂದ ಸಮರ್ಥಿಸಬೇಕು. ಹೋದ ವರ್ಷ ಕೊಟ್ಟಿದ್ದರು ಅಂತ ಈ ವರ್ಷ ಕೊಡುವುದಿಲ್ಲ. ಮೊದಮೊದಲು ಲಾಭದ ಪ್ರಮಾಣ ಏರಿತು, ಪೇಟೆ ಚಪ್ಪಾಳೆ ತಟ್ಟಿತು. 2017ರಲ್ಲಿ ಯೂನಿಲಿವರ್ ಕಂಪನಿಯನ್ನೇ 14,300 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟು ಬರಿಗೈಯಲ್ಲಿ ವಾಪಸ್ ಬಂದರು. 2019ರ ಫೆಬ್ರವರಿಯಲ್ಲಿ ಬಿಲ್ಲು ಮುಂದೆ ಬಂತು. ಕ್ರಾಫ್ಟ್, ಆಸ್ಕರ್ ಮೇಯರ್ ಬ್ರ್ಯಾಂಡ್‌ಗಳು ಮತ್ತು ಗುಡ್‌ವಿಲ್ (ಕಂಪನಿ ಕೊಳ್ಳುವಾಗ ಅದರ ಆಸ್ತಿಯ ಬೆಲೆಗಿಂತ ಹೆಚ್ಚಾಗಿ ಕೊಟ್ಟ ಮೊತ್ತ) ಮೌಲ್ಯದಲ್ಲಿ 1,540 ಕೋಟಿ ಡಾಲರ್ ಇಳಿಸಿದರು. ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ ಡಿವಿಡೆಂಡ್ 62.5 ಸೆಂಟ್‌ನಿಂದ 40 ಸೆಂಟ್‌ಗೆ ಬಂತು. ಮರುದಿನ ಒಂದೇ ದಿನಕ್ಕೆ ಷೇರು 27% ಬಿತ್ತು. ಕ್ರಾಫ್ಟ್‌ಗೆ ಹೆಚ್ಚು ಬೆಲೆ ಕೊಟ್ಟುಬಿಟ್ಟೆವು ಅಂತ ಬಫೆಟ್ ಆಮೇಲೆ ಟಿವಿಯಲ್ಲೇ ಒಪ್ಪಿಕೊಂಡರು. 2025ರಲ್ಲಿ ಕಂಪನಿ ಮತ್ತೆ ಎರಡಾಗಿ ಒಡೆಯುವುದಾಗಿ ಘೋಷಿಸಿತು.

ಜಾಹೀರಾತು, ಹೊಸ ರುಚಿಯ ಪ್ರಯೋಗ, ಯಂತ್ರಗಳ ದುರಸ್ತಿ, ಇವನ್ನು ಕಡಿದು ಲಾಭ ತೋರಿಸುವುದು ಬಿತ್ತನೆಗೆ ಇಟ್ಟ ಕಾಳನ್ನು ಹುರಿದು ತಿಂದ ಹಾಗೆ. ಆ ವರ್ಷ ಹೊಟ್ಟೆ ತುಂಬುತ್ತದೆ. ಅದಕ್ಕೇ ನಿಮ್ಮ ಕಂಪನಿಯ ಐದು ವರ್ಷದ ಜಾಹೀರಾತು ಖರ್ಚು ತೆಗೆದು, ಮಾರಾಟದ ಶೇಕಡಾ ಎಷ್ಟು ಅಂತ ಬರೆದುಕೊಳ್ಳಿ. ಅದು ವರ್ಷ ವರ್ಷ ಇಳಿಯುತ್ತಾ ಬಂದಿದ್ದರೆ ನಿಮ್ಮ ಪಿಇ 9 ನಿಜವಾದ 9 ಅಲ್ಲ. ಲಾಭವನ್ನು ಉಬ್ಬಿಸಿ ಭಾಗಿಸಿದ 9.

ಇನ್ನು ಸಾಲ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಕಂಪನಿ ವರ್ಷಕ್ಕೆ 1000 ಮಾರುತ್ತದೆ ಅಂತಿಟ್ಟುಕೊಳ್ಳಿ, ನಾಣ್ಯ ಯಾವುದಾದರೂ ಇರಲಿ. ಬಡ್ಡಿ, ತೆರಿಗೆ ಎಲ್ಲ ಕಟ್ಟಿ ವ್ಯವಹಾರದಿಂದ ಕೈಗೆ ಬರುವ ನಗದು 110. ಯಂತ್ರ, ಕಟ್ಟಡಕ್ಕೆ 40 ಹೋಗುತ್ತದೆ. ಉಳಿದದ್ದು 70. ಡಿವಿಡೆಂಡ್ 60 ಕೊಡುತ್ತದೆ. ಕೈಯಲ್ಲಿ 10 ಮಿಕ್ಕಿತು. ಮೇಲ್ನೋಟಕ್ಕೆ ಏನೂ ತೊಂದರೆ ಇಲ್ಲ ಅಲ್ವಾ? ಈಗ ಇದರ ಸಾಲ 600, ಬಡ್ಡಿ 4%. ಅದರಲ್ಲಿ 200 ಬರುವ ವರ್ಷ ತೀರಿಸಬೇಕು. ತೀರಿಸಲು ದುಡ್ಡಿಲ್ಲ, ಹೊಸ ಸಾಲ ತಂದು ಹಳೆಯದನ್ನು ಕಟ್ಟಬೇಕು. ಕಂಪನಿ ಸೊರಗಿರುವುದು ಸಾಲ ಕೊಡುವವರಿಗೂ ಗೊತ್ತು, ಅವರು 7% ಕೇಳುತ್ತಾರೆ. ಬಡ್ಡಿ 6 ಜಾಸ್ತಿಯಾಯಿತು. 10 ಇದ್ದದ್ದು 4 ಆಯಿತು. ಅದೇ ವರ್ಷ ವಾಲ್ಯೂಮ್ 2% ಇಳಿಯಿತು. ಮಾರಾಟ 20 ಕಮ್ಮಿ. ಕಚ್ಚಾ ಮಾಲಿನ ಖರ್ಚು ಕಮ್ಮಿಯಾಗುತ್ತದೆ, ಆದರೆ ಕಾರ್ಖಾನೆ ಬಾಡಿಗೆ, ಸಂಬಳ ಕಮ್ಮಿಯಾಗುವುದಿಲ್ಲ. ಕಮ್ಮಿಯಾದ ಪ್ರತಿ 100ರ ಮಾರಾಟಕ್ಕೆ ಕೈಯಿಂದ 35 ಹೋಗುತ್ತದೆ ಅಂತ ಹಿಡಿದರೂ 7 ಹೋಯಿತು. 4ರಲ್ಲಿ 7 ಕಳೆದರೆ ಮೈನಸ್ 3. ತೆರಿಗೆಯಲ್ಲಿ ಒಂದಿಷ್ಟು ಉಳಿಯುತ್ತದೆ ಅಂದುಕೊಂಡರೂ ಚಿತ್ರ ಬದಲಾಗುವುದಿಲ್ಲ. ಡಿವಿಡೆಂಡ್ ಕೊಡಲು ಮತ್ತೆ ಸಾಲ ಮಾಡಬೇಕು, ಇಲ್ಲಾ ಡಿವಿಡೆಂಡ್ ಕಡಿಯಬೇಕು. ಇಷ್ಟಕ್ಕೂ ಇಲ್ಲಿ ಯಾವ ದುರಂತವೂ ಆಗಿಲ್ಲ. ಕಲಬೆರಕೆ ಸುದ್ದಿ ಇಲ್ಲ, ಕಾರ್ಖಾನೆಗೆ ಬೆಂಕಿ ಬಿದ್ದಿಲ್ಲ. ನೂರರಲ್ಲಿ ಎರಡು ಪೊಟ್ಟಣ ಕಮ್ಮಿಯಾಯಿತು, ಒಂದು ಸಾಲ ನವೀಕರಣವಾಯಿತು.

ನನ್ನ ಕಥೆಯೂ ಇಷ್ಟೇ. ಹೆಸರು ಬೇಡ. ಚಿಕ್ಕಂದಿನಿಂದ ತಿಂದ ಬ್ರ್ಯಾಂಡ್, ಬಿದ್ದ ಬೆಲೆ, ಕೊಬ್ಬಿದ ಡಿವಿಡೆಂಡ್. ವಾರ್ಷಿಕ ವರದಿಯ ಮೊದಲ ನಲವತ್ತು ಪುಟ ಓದಿದೆ. ನಗುವ ಕುಟುಂಬಗಳ ಫೋಟೋ, ಅಧ್ಯಕ್ಷರ ಪತ್ರ, ಹೊಸ ಪ್ಯಾಕಿಂಗಿನ ಸಂಭ್ರಮ. ಹಿಂದಿನ ಟಿಪ್ಪಣಿಗಳಲ್ಲಿ ಯಾವ ವರ್ಷ ಎಷ್ಟು ಸಾಲ ತೀರಬೇಕು ಅಂತ ಒಂದು ಪುಟ್ಟ ಪಟ್ಟಿ ಇತ್ತು, ಐದೇ ಸಾಲು. ಅದನ್ನು ಓದಲಿಲ್ಲ. ಎರಡು ಸಲ ಡಿವಿಡೆಂಡ್ ಬಂತು. ಮೂರನೆಯದು ಅರ್ಧ ಬಂತು. ಆ ದಿನ ಷೇರು ಬಿದ್ದ ಪರಿಗೆ ನಾನು ಅಲ್ಲಿವರೆಗೆ ಪಡೆದ ಡಿವಿಡೆಂಡ್ ಲೆಕ್ಕಕ್ಕೇ ಇರಲಿಲ್ಲ. ಆ ಐದು ಸಾಲು ಓದಲು ಎರಡು ನಿಮಿಷ ಸಾಕಿತ್ತು. ಈಗ ಯಾವ ವರದಿ ಬಂದರೂ ಹಿಂದಿನಿಂದ ಓದುತ್ತೇನೆ.

ಹಾಗಾಗಿ ನಿಮ್ಮ 7% ನೋಡಿದಾಗ ನನಗೆ ಬಾಯಲ್ಲಿ ನೀರು ಬರುವುದಿಲ್ಲ. ಅಷ್ಟು ದೊಡ್ಡ ಡಿವಿಡೆಂಡ್ ಕಂಪನಿ ಉದಾರವಾಗಿ ಕೊಡುತ್ತಿರುವುದಲ್ಲ. ಬೆಲೆ ಬಿದ್ದದ್ದಕ್ಕೆ ಅದು 7 ಆಗಿ ಕಾಣುತ್ತಿದೆ. ಇದು ಮುಂದುವರಿಯುತ್ತದೆ ಅಂತ ಪೇಟೆ ನಂಬಿದ್ದರೆ ಷೇರು ಈ ಬೆಲೆಗೆ ನಿಮಗೆ ಸಿಗುತ್ತಲೇ ಇರಲಿಲ್ಲ. ಬಿ ಅಂಡ್ ಜಿ ಫುಡ್ಸ್ ಅನ್ನುವ ಅಮೆರಿಕದ ಕಂಪನಿ ಸಾಲ ಮಾಡಿ ಹಳೆಯ ಬ್ರ್ಯಾಂಡ್‌ಗಳನ್ನು ಕೊಂಡು ಕೊಂಡು ಬೆಳೆದದ್ದು. ಡಿವಿಡೆಂಡ್‌ಗೆಂದೇ ಅದನ್ನು ಇಟ್ಟುಕೊಂಡವರು ಬಹಳ ಜನ ಇದ್ದರು. 2022ರ ನವೆಂಬರ್‌ನಲ್ಲಿ ಅದು ಮೂರು ತಿಂಗಳ ಡಿವಿಡೆಂಡನ್ನು 47.5 ಸೆಂಟ್‌ನಿಂದ 19 ಸೆಂಟ್‌ಗೆ ಇಳಿಸಿತು.

ಎಷ್ಟು ಸಾಲ ಇದ್ದರೆ ಜಾಸ್ತಿ ಅಂತ ನೀವು ಕೇಳುತ್ತೀರಿ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ವರ್ಷದ ಲಾಭ ಇರುತ್ತದಲ್ಲ, ಎಬಿಟ್ಡಾ ಅನ್ನುತ್ತಾರೆ, ಸಾಲ ಅದರ ಮೂರು ಪಟ್ಟಿನೊಳಗೆ ಇದ್ದರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ. ನಾಲ್ಕು ದಾಟಿದ್ದು ಸೊರಗುತ್ತಿರುವ ಕಂಪನಿಯಾದರೆ ಮುಟ್ಟುವುದಿಲ್ಲ. ಇದು ನನ್ನ ಗೆರೆ, ಶಾಸ್ತ್ರವೇನಲ್ಲ. ಬೆಳೆಯುತ್ತಿರುವ ಕಂಪನಿ ನಾಲ್ಕನ್ನೂ ತಡೆದುಕೊಳ್ಳುತ್ತದೆ.

ಹಾಗಾದರೆ ಬಿದ್ದ ಫುಡ್ ಷೇರು ಯಾವತ್ತೂ ಕೊಳ್ಳಲೇಬಾರದಾ? ಹಾಗೇನಿಲ್ಲ. ಬಿದ್ದದ್ದು ಯಾಕೆ ಅನ್ನುವುದರ ಮೇಲೆ ಇದೆ. ಕೋಕೋ ನೋಡಿ. 2023ರ ಶುರುವಿನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಟನ್‌ಗೆ 3,000 ಡಾಲರ್‌ಗಿಂತ ಕೆಳಗಿತ್ತು. 2024ರ ಡಿಸೆಂಬರ್‌ನಲ್ಲಿ 12,000 ದಾಟಿತು. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟಿತ್ತು. ಚಾಕೊಲೇಟ್ ಕಂಪನಿಗಳ ಲಾಭ ಹಿಂಡಿಹೋಯಿತು. ಅದು ಕಂಪನಿಯ ರೋಗವಲ್ಲ, ಹವಾಮಾನದ್ದು ಮತ್ತು ಬೆಳೆಯದ್ದು. ಅಂಥ ಕಷ್ಟ ಬಂದ ದಾರಿಯಲ್ಲೇ ಹೋಗುತ್ತದೆ. ಅಲ್ಲಿವರೆಗೆ ಉಸಿರು ಹಿಡಿದಿರುವಷ್ಟು ಸಾಲ ಕಮ್ಮಿ ಇದ್ದರೆ, ಆಗ ಕೊಂಡವರಿಗೆ ಒಳ್ಳೆಯದಾಗುವ ಸಾಧ್ಯತೆ ಇದೆ. ಜನರ ರುಚಿಯೇ ಬದಲಾಗಿದ್ದರೆ ಅದು ಬೇರೆ. ಬೆಳಿಗ್ಗೆ ಬಟ್ಟಲಿಗೆ ಹಾಲು ಸುರಿದು ಸೀರಿಯಲ್ ತಿನ್ನುವ ಅಭ್ಯಾಸವನ್ನು ಒಂದು ತಲೆಮಾರು ಬಿಟ್ಟಿತು ಅಂದರೆ, ಒಳ್ಳೆಯ ಮಳೆ ಬಂದರೂ ಅದು ವಾಪಸ್ ಬರುವುದಿಲ್ಲ. ತೂಕ ಇಳಿಸುವ ಓಜೆಂಪಿಕ್ ತರದ ಔಷಧಗಳ ಬಗ್ಗೆಯೂ ಇದೇ ಭಯ. ಅದನ್ನು ತಗೊಳ್ಳುವವರ ಬುಟ್ಟಿಯಲ್ಲಿ ಸ್ವಲ್ಪ ಕಮ್ಮಿ ತಿಂಡಿ ಕಾಣುತ್ತಿದೆ ಅಂತ 2023ರ ಅಕ್ಟೋಬರ್‌ನಲ್ಲಿ ವಾಲ್‌ಮಾರ್ಟ್ ಕಡೆಯವರು ಅಂದದ್ದೇ ತಡ, ತಿಂಡಿ ಕಂಪನಿಗಳ ಷೇರು ದಡಬಡ ಬಿದ್ದವು. ಆ ಭಯ ಎಷ್ಟು ನಿಜವಾಗುತ್ತದೋ ಯಾರೂ ಖಚಿತವಾಗಿ ಹೇಳಲಾರರು. ನೀವು ಮಾಡಬೇಕಾದದ್ದು, ನಿಮ್ಮ ಕಂಪನಿಯ ಮಾರಾಟದಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವುದರಿಂದ ಬರುತ್ತದೆ ಅಂತ ನೋಡುವುದು. ಸಾಸಿನಿಂದ ಬಂದರೆ ಒಂದು ಕಥೆ, ಸಿಹಿ ಬಿಸ್ಕತ್ತಿನಿಂದ ಬಂದರೆ ಇನ್ನೊಂದು.

"ಯಾರಾದರೂ ದೊಡ್ಡವರು ಬಂದು ಕೊಂಡುಕೊಂಡರೆ?" ಅನ್ನುವ ಆಸೆ ನಿಮ್ಮ ಮನಸ್ಸಲ್ಲೂ ಇರಬಹುದು. ಆಗಿದ್ದೂ ಇದೆ. ಕೆಲಾಗ್ ಕಂಪನಿ 2023ರ ಅಕ್ಟೋಬರ್‌ನಲ್ಲಿ ಎರಡಾಗಿ ಒಡೆಯಿತು. ಪ್ರಿಂಗಲ್ಸ್ ಚಿಪ್ಸ್ ಇದ್ದ ಭಾಗ ಕೆಲನೋವಾ ಆಯಿತು, ಅದಕ್ಕೆ ಮರುವರ್ಷವೇ ಮಾರ್ಸ್ ಕಂಪನಿ ಷೇರಿಗೆ 83.50 ಡಾಲರ್ ಕೊಡಲು ಮುಂದೆ ಬಂತು. ಸೊರಗುತ್ತಿದ್ದ ಸೀರಿಯಲ್ ವ್ಯಾಪಾರ ಇನ್ನೊಂದು ಭಾಗವಾದ ಡಬ್ಲ್ಯುಕೆ ಕೆಲಾಗ್ ಪಾಲಿಗೆ ಬಂದಿತ್ತು. ಅದನ್ನೂ 2025ರಲ್ಲಿ ಫೆರೆರೊ ಷೇರಿಗೆ 23 ಡಾಲರ್‌ನಂತೆ, ಸುಮಾರು 310 ಕೋಟಿ ಡಾಲರ್‌ಗೆ ಕೊಂಡಿತು. ಮುಳುಗುವ ಹಡಗು ಅಂದುಕೊಂಡು ಮಾರಿ ಹೋದವರು ಕೈ ಕೈ ಹಿಸುಕಿಕೊಂಡರು. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಹೆದರಿಸಿದರೆ ತಪ್ಪಾಗುತ್ತದೆ. ಆದರೆ ಕೊಳ್ಳುವವನು ಸಾಲವನ್ನೂ ಸೇರಿಸಿಯೇ ಬೆಲೆ ಕಟ್ಟುತ್ತಾನೆ. ಇಡೀ ವ್ಯಾಪಾರಕ್ಕೆ 1000 ಬೆಲೆ ಕಟ್ಟಿದ, ಸಾಲ 300 ಇದೆ ಅಂದರೆ ಷೇರುದಾರರಿಗೆ 700. ಸಾಲ 900 ಇದ್ದರೆ 100. ಮದುವೆ ಒಂದೇ, ಊಟ ಬೇರೆ ಬೇರೆ.

ಇನ್ನು ಸರಾಸರಿ ಇಳಿಸುವ ವಿಚಾರ. ನೀವು ಎಷ್ಟಕ್ಕೆ ಕೊಂಡಿರಿ ಅನ್ನುವುದು ಆ ಕಂಪನಿಗೆ ಗೊತ್ತಿಲ್ಲ. ಇನ್ನಷ್ಟು ಕೊಂಡರೆ ನಿಮ್ಮ ಪುಸ್ತಕದಲ್ಲಿ ಸರಾಸರಿ ಇಳಿಯುತ್ತದೆ, ಅಪಾಯದಲ್ಲಿರುವ ದುಡ್ಡು ಏರುತ್ತದೆ. ಒಂದು ಪರೀಕ್ಷೆ ಮಾಡಿಕೊಳ್ಳಿ. ಈ ಷೇರು ನಿಮ್ಮ ಹತ್ತಿರ ಒಂದೂ ಇಲ್ಲ, ಕೈಯಲ್ಲಿ ನಗದು ಇದೆ ಅಂತ ಅಂದುಕೊಳ್ಳಿ. ಇವತ್ತು ಇದನ್ನು ಕೊಳ್ಳುತ್ತೀರಾ? ಇಲ್ಲ ಅಂತ ಮನಸ್ಸು ಹೇಳಿದರೆ, ಸರಾಸರಿ ಅನ್ನುವುದು ಹಳೆಯ ನೋವಿಗೆ ಹಚ್ಚುವ ಮುಲಾಮು ಮಾತ್ರ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಇರುವುದನ್ನು ಹಾಗೇ ಬಿಟ್ಟು ಎರಡು ತ್ರೈಮಾಸಿಕ ವರದಿ ಕಾಯುತ್ತೇನೆ. ಈ ಆರು ತಿಂಗಳಲ್ಲಿ ಷೇರು 10-15% ಏರಿಬಿಟ್ಟರೂ ಹೊಟ್ಟೆ ಉರಿಸಿಕೊಳ್ಳುವುದಿಲ್ಲ, ಅದು ವಿಷಯ ತಿಳಿದುಕೊಳ್ಳಲು ಕೊಟ್ಟ ಬೆಲೆ. ವಾಲ್ಯೂಮ್ ಇಳಿಕೆ ನಿಂತಿದೆ, ಜಾಹೀರಾತಿನ ಖರ್ಚು ಕಡಿದಿಲ್ಲ, ಮುಂದಿನ ಎರಡು ವರ್ಷದಲ್ಲಿ ತೀರಿಸಬೇಕಾದ ಸಾಲಕ್ಕೆ ದಾರಿ ಮಾಡಿಕೊಂಡಿದ್ದಾರೆ ಅಂತ ಕಂಡರೆ ಸ್ವಲ್ಪ ಕೊಳ್ಳುತ್ತೇನೆ, ಒಟ್ಟು ಉಳಿತಾಯದ 3-4% ದಾಟದ ಹಾಗೆ. ಇನ್ನೊಂದು, ಇದು ಕೇಳಲು ವಿಚಿತ್ರ ಅನ್ನಿಸಬಹುದು: ಕಂಪನಿ ತಾನಾಗಿಯೇ ಡಿವಿಡೆಂಡ್ ಕಡಿದು ಆ ದುಡ್ಡಲ್ಲಿ ಸಾಲ ತೀರಿಸುತ್ತೇವೆ ಅಂತ ಹೇಳಿ, ಆ ದಿನ ಷೇರು ಧಡ್ ಅಂತ ಬಿದ್ದರೆ, ನಾನು ಆಗ ಗಂಭೀರವಾಗಿ ನೋಡಲು ಶುರು ಮಾಡುತ್ತೇನೆ. ಡಿವಿಡೆಂಡ್‌ಗೆಂದೇ ಬಂದವರೆಲ್ಲ ಆ ವಾರ ಮಾರಿಕೊಂಡು ಹೋಗಿರುತ್ತಾರೆ.

ಕಂಪನಿಯ ಹೆಸರು ನೀವು ಬರೆದಿಲ್ಲ, ಬೇಕಾಗಿಯೂ ಇಲ್ಲ. ವಾರ್ಷಿಕ ವರದಿಯ ಆ ಸಾಲದ ಪಟ್ಟಿ ಮತ್ತು ಹೋದ ಎಂಟು ತ್ರೈಮಾಸಿಕದ ವಾಲ್ಯೂಮ್ ಅಂಕಿ ಬರೆದು ಕಳಿಸಿ. ಕೂತು ಒಟ್ಟಿಗೆ ಲೆಕ್ಕ ಹಾಕೋಣ.